ಬಾಯಿಮಾತಿಗೆ ಇಟ್ಟಿಗೆ ಇಡಬೇಡ

ಓಯ್, ಎದುರು ಮಹಡಿಯವರೇ, ಬಟ್ಟೆ ಹಿಂಡುವುದನ್ನು ಸ್ವಲ್ಪ ನಿಲ್ಲಿಸಿ. ಮೂಲೆ ಅಂಗಡಿಯಣ್ಣ, ಆ ಶಟರ್ ಅರ್ಧಕ್ಕೇ ಬಿಟ್ಟು ಈ ಕಡೆ ಕಿವಿ ಕೊಡಿ. ನಮ್ಮ ಷರತ್ತಮ್ಮ ನಿನ್ನೆ ವಿಚಾರಣೆಯ ನಡುವೆಯೇ ಕೇಸು ಬಿಟ್ಟುಕೊಟ್ಟರಂತೆ, ಅವರಿಗೆ ತಲೆ ಕೆಟ್ಟಿದೆಯಂತೆ ಎಂದು ನಿನ್ನೆ ಸಂಜೆಯಿಂದ ಬೀದಿಯಲ್ಲಿ ಮಾತು ಕಾಲು ಬಂದ ಹಾಗೆ ಓಡಾಡುತ್ತಿದೆ. ನಾನು ಅಲ್ಲೇ ಇದ್ದೆ, ಕಾರು ಓಡಿಸಿದ್ದೇ ನಾನು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಉದ್ದವಾಯಿತು ಎಂದು ನಡುವೆ ಹಾರಿಸಿ ಕೇಳಬೇಡಿ, ಆಮೇಲೆ ನೀವೇ ಇನ್ನೊಂದು ಕಥೆ ಕಟ್ಟುತ್ತೀರಿ.

ಷರತ್ತಮ್ಮ ಅಂದರೆ ನನ್ನ ಸೋದರತ್ತೆ. ನಾವು ಮೇಲಿನ ಮನೆ, ಅವರು ಕೆಳಗಿನ ಮನೆ. ಆ ಹೆಸರಿಟ್ಟವನು ನಮ್ಮಪ್ಪನೇ, ಅವಳ ಸ್ವಂತ ಅಣ್ಣ. ಅತ್ತೆಯಿಂದ ಒಂದು ಕೊಡೆ ಇಸಿದುಕೊಂಡರೂ ಅದರ ಜೊತೆಗೆ ಷರತ್ತು ಬರುತ್ತದೆ. ಒದ್ದೆಯಾಗಿರುವಾಗ ಮಡಚಬಾರದು, ಇನ್ನೊಬ್ಬರ ಕೈಗೆ ಕೊಡಬಾರದು, ಕಡ್ಡಿ ಮುರಿದರೆ ಮುರಿದ ದಿನವೇ ಹೇಳಬೇಕು. ಅಪ್ಪ ಒಂದು ಸಲ ಕೊಡೆ ಅಲ್ಲೇ ಇಟ್ಟು ನೆನೆದುಕೊಂಡು ಮನೆಗೆ ಬಂದ. "ನಿನ್ನ ಕೊಡೆ ಹಿಡಿಯೋದಕ್ಕಿಂತ ನೆನೆಯೋದೇ ಸುಲಭ ಕಣೇ ಷರತ್ತಮ್ಮ" ಅಂದ. ಹೆಸರು ಅಂಟಿಕೊಂಡಿತು. ಮಾವ ಕನ್ನಡಕದ ಅಂಗಡಿಯವರು, ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ. ಮದುವೆಯಾಗುತ್ತೀಯಾ ಎಂದು ತಾವು ಕೇಳಿದಾಗ ಇವಳು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ, ಆಗದೇ ಹೋದರೆ ಏನು ಗತಿ ಎಂದು ಕೇಳಿದಳು ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ.

ನಗುತ್ತೀರಿ, ನಾವೂ ನಗುತ್ತೇವೆ. ಆದರೆ ಅವಳ ಭಯ ನಟನೆಯಲ್ಲ. ಹೊರಡುವಾಗ ಬೀಗ ಎಳೆದು ನೋಡುತ್ತಾಳೆ, ಬೀದಿಯ ತುದಿಯಿಂದ ವಾಪಸ್ ಬಂದು ಮತ್ತೆ ಎಳೆಯುತ್ತಾಳೆ. ವಿಚಾರಣೆ ಇರುವ ದಿನ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹೊಸ ಕಟ್ಟಡಕ್ಕೆ ಹೋದರೆ ಮೊದಲು ಹೊರಗೆ ಹೋಗುವ ದಾರಿ ಎಲ್ಲಿದೆ ಎಂದು ಹುಡುಕುತ್ತಾಳೆ. ಲಿಫ್ಟ್ ಅಂತೂ ಹತ್ತುವುದೇ ಇಲ್ಲ. ಆರನೇ ಮಹಡಿಯಾದರೂ ಸರಿ, ಏದುಸಿರು ಬಿಡುತ್ತಾ ಮೆಟ್ಟಿಲಲ್ಲೇ ಹೋಗುತ್ತಾಳೆ.

ಇಂಥ ಅಂಜುಬುರುಕಿಗೆ ವಕೀಲಿಕೆ ಹೇಗೆ ಒಗ್ಗಿತು ಎಂದರೆ, ಒಗ್ಗಿದ್ದೇ ಅಂಜಿಕೆಯಿಂದ. ಓದು ಮುಗಿಸಿ ಅವಳು ಸೇರಿದ್ದು ಒಬ್ಬ ಹಿರಿಯ ವಕೀಲರ ಕಚೇರಿಗೆ. ಅಲ್ಲಿ ಬರುತ್ತಿದ್ದವು ಅಣ್ಣತಮ್ಮಂದಿರ ಪಾಲಿನ ಜಗಳಗಳು, ಕೂಗಾಟ, ಅಳು, ಒಬ್ಬರ ಮೇಲೊಬ್ಬರು ಶಾಪ. ಅತ್ತೆಗೆ ಜೋರು ದನಿ ಕೇಳಿದರೇ ಕೈ ತಣ್ಣಗಾಗುತ್ತಿತ್ತು. ಗಾಳಿಗೆ ಬಾಗಿಲು ಬಡಿಯದಿರಲಿ ಎಂದು ಅಲ್ಲಿ ಒಂದು ದಪ್ಪ ಪುಸ್ತಕವನ್ನು ಅಡ್ಡ ಇಡುತ್ತಿದ್ದರಂತೆ. ಅದು ಯಾವುದೋ ಸರ್ಕಾರಿ ಟೆಂಡರಿನ ಪುಸ್ತಕ. ಒಂದು ದಿನ ಜಗಳದಿಂದ ಕಿವಿ ಮುಚ್ಚಿಕೊಳ್ಳಲು ದಾರಿ ಕಾಣದೆ ಅತ್ತೆ ಆ ಪುಸ್ತಕ ಎತ್ತಿಕೊಂಡು ಓದಿದಳು. ಓದುತ್ತಾ ಹೋದಂತೆ ಎದೆ ಹಗುರವಾಯಿತಂತೆ. ಏನಾದರೆ ಏನು, ಆಗದಿದ್ದರೆ ಏನು, ತಡವಾದರೆ ಯಾರ ತಲೆಗೆ, ಮಳೆ ಬಂದರೆ ಯಾರ ತಲೆಗೆ, ಎಲ್ಲವನ್ನೂ ಯಾರೋ ಮೊದಲೇ ಹೆದರಿ ಬರೆದಿಟ್ಟಿದ್ದರು. ತನ್ನಂಥವರೇ ಬರೆದದ್ದು ಇದು ಅನ್ನಿಸಿತಂತೆ ಅವಳಿಗೆ.

ಸರ್ಕಾರ ರಸ್ತೆ ಹಾಕಿಸುತ್ತದೆ, ಶಾಲೆಗೆ ಬೆಂಚು ಮಾಡಿಸುತ್ತದೆ, ಆಸ್ಪತ್ರೆಯ ಹೊದಿಕೆ ಒಗೆಸುತ್ತದೆ. ಯಾವುದಕ್ಕೂ ತಾನು ಕೈ ಹಾಕುವುದಿಲ್ಲ. ಮಾಡುವವರು ಬೇರೆ. ಅವರಿಗೂ ಸರ್ಕಾರಕ್ಕೂ ನಡುವೆ ಇರುವುದು ಆ ದಪ್ಪ ಪುಸ್ತಕ. ಅದನ್ನು ಕೊನೆಯ ಹಾಳೆಯವರೆಗೆ ಓದುವವರು ಯಾರೂ ಇರಲಿಲ್ಲ, ಅತ್ತೆ ಓದಿದಳು. ಹೀಗೆ ಬೆಂಚು ಮಾಡುವವರು, ಹೊದಿಕೆ ಒಗೆಯುವವರು, ಬೀದಿ ದೀಪ ಹಾಕುವವರು ಒಬ್ಬೊಬ್ಬರಾಗಿ ಅವಳ ಹಿಂದೆ ಬಿದ್ದರು.

ಮೊದಲ ಕೇಸಿನಲ್ಲೇ ಸೋತಳು. ಒಬ್ಬ ಗಾರೆ ಮೇಸ್ತ್ರಿ ಶಾಲೆಗೆ ಎರಡು ಕೋಣೆ ಕಟ್ಟಲು ಒಪ್ಪಿದ್ದ. ಕೆಲಸದ ನಡುವೆ ಎಂಜಿನಿಯರ್ ಬಂದು, ಆ ಕಡೆ ಒಂದು ಕಾಂಪೌಂಡ್ ಗೋಡೆಯನ್ನೂ ಎಬ್ಬಿಸಿಬಿಡು, ಕಾಗದ ಆಮೇಲೆ ಕೊಡೋಣ ಅಂದ. ಇವನು ಎಬ್ಬಿಸಿದ. ಎಂಜಿನಿಯರಿಗೆ ವರ್ಗವಾಯಿತು, ಕಾಗದ ಬರಲಿಲ್ಲ. ಆದೇಶವಿಲ್ಲದ ಕೆಲಸಕ್ಕೆ ದುಡ್ಡಿಲ್ಲ ಎಂದು ಪುಸ್ತಕದಲ್ಲಿ ಇತ್ತು, ಜಡ್ಜ್ ಅದನ್ನೇ ಓದಿದರು. ಹೊರಗೆ ಬಂದಾಗ ಆ ಮೇಸ್ತ್ರಿ ಅತ್ತೆಯ ಮೇಲೆ ಕೂಗಾಡಲಿಲ್ಲ. "ಗೋಡೆ ಅಲ್ಲೇ ನಿಂತಿದ್ಯಲ್ಲ ಅಮ್ಮ, ಸಾಹೇಬ್ರನ್ನ ಕರ್ಕೊಂಡು ಹೋಗಿ ತೋರ್ಸಿದ್ರೆ ಆಗಲ್ವಾ?" ಎಂದು ಕೇಳಿದ, ಅಷ್ಟೆ. ಆಮೇಲೆ ಅವನು ಸ್ವಂತ ಕೆಲಸ ಹಿಡಿಯಲಿಲ್ಲ, ಇನ್ನೊಬ್ಬರ ಕೈಕೆಳಗೆ ಕೂಲಿಗೆ ಹೋದ. ಅತ್ತೆ ಆ ಶಾಲೆಯ ಮುಂದೆ ಹೋಗಬೇಕಾದರೆ ಇವತ್ತಿಗೂ ಸುತ್ತಿ ಬಳಸಿ ಹೋಗುತ್ತಾಳೆ.

ಅಲ್ಲಿಂದ ಹುಟ್ಟಿದ್ದು ಅವಳ ಮಂತ್ರ. ಬಾಯಿಮಾತಿಗೆ ಇಟ್ಟಿಗೆ ಇಡಬೇಡ. ಟೈರ್ ಅಂಗಡಿಯ ಮೇಲಿನ ಅವಳ ಕಚೇರಿಗೆ ಯಾರೇ ಬರಲಿ, ರಬ್ಬರ್ ವಾಸನೆಯ ಆ ಕೋಣೆಯಲ್ಲಿ ಸ್ಟೂಲ್ ಎಳೆದು ಕೂರುವ ಮೊದಲೇ ಈ ಮಾತು ಕಿವಿಗೆ ಬೀಳುತ್ತದೆ. ಪುಸ್ತಕದಲ್ಲಿ ಇಲ್ಲದ ಕೆಲಸ ಮುಟ್ಟಿದರೆ ದುಡ್ಡೂ ಬರುವುದಿಲ್ಲ, ಮುಟ್ಟಿದ ಮೇಲೆ ಅಲ್ಲಿ ಏನು ಕೆಟ್ಟರೂ ನಿಮ್ಮ ತಲೆಗೇ ಬರುತ್ತದೆ. ಬರೆದು ಕೊಡಿ ಅನ್ನಿ, ಕೊಡುವವರೆಗೆ ಕೈ ಕಟ್ಟಿ ಕೂತಿರಿ. ಊರಿನ ಸಣ್ಣ ಗುತ್ತಿಗೆದಾರರಿಗೆಲ್ಲ ಇದು ಬಾಯಿಪಾಠ. ಎಷ್ಟೋ ಮನೆ ಉಳಿದದ್ದು ಈ ಮಾತಿನಿಂದ, ಅದನ್ನೂ ಹೇಳಬೇಕು. ತಮಾಷೆ ಮಾಡುವವರೂ ಇದ್ದಾರೆ. ಬೆಂಚು ಮಾಡುವವರೊಬ್ಬರು ಮಗಳ ಮದುವೆಗೆ ಬಾಯಲ್ಲೇ ಕರೆದು, ಕಾಗದ ಬೇಕಿದ್ರೆ ಆಮೇಲೆ ಕಳಿಸ್ತೀನಿ ಮೇಡಂ ಅಂದಿದ್ದರು.

ಈಗ ಮೇಲ್‌ಕೆಳಗೆ ಮೇಸ್ತ್ರಿಯ ವಿಷಯಕ್ಕೆ ಬರೋಣ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಅದಕ್ಕೇ ಆ ಹೆಸರು. ಅವನ ಹತ್ತಿರ ಕೆಲಸ ಮಾಡುವ ನಾಲ್ಕು ಜನ ಅವನ ತಮ್ಮಂದಿರು, ಭಾವಮೈದುನರೇ. ದೊಡ್ಡಾಸ್ಪತ್ರೆಯ ಲಿಫ್ಟು, ಕೋರ್ಟಿನ ಲಿಫ್ಟು, ನೀರಿನ ಕಚೇರಿಯ ಲಿಫ್ಟು ಎಲ್ಲ ಅವನ ಕೈಯಲ್ಲೇ. ಅಂದರೆ ಅವನ ಅನ್ನವೆಲ್ಲ ಸರ್ಕಾರದ ತಟ್ಟೆಯಲ್ಲೇ. ಅತ್ತೆಯ ಮಾತೆಂದರೆ ಅವನಿಗೆ ದೇವರ ಮಾತು. ಲಿಫ್ಟ್ ಹತ್ತದವಳು ಲಿಫ್ಟಿನವನಿಗೆ ವಕೀಲಳು ಎಂದು ಮಾವ ಕಿಚಾಯಿಸಿದರೆ, "ಅವ್ರು ಹತ್ತದೇ ಇದ್ರೆ ಏನ್ ಸಾರ್, ನನ್ನನ್ನಂತೂ ಇಳಿಯೋಕೆ ಬಿಟ್ಟಿಲ್ಲ" ಅನ್ನುತ್ತಿದ್ದ.

ಲಿಫ್ಟ್ ಓಡಾಡುವ ಕೊಳವೆಯ ತಳದಲ್ಲಿ ಒಂದು ಗುಂಡಿ ಇರುತ್ತದೆ. ಆಸ್ಪತ್ರೆಯ ಲಿಫ್ಟಿನ ಗುಂಡಿಗೆ ಪಕ್ಕದ ಗೋಡೆಯೊಳಗಿನ ನೀರಿನ ಪೈಪಿನಿಂದ ನೀರು ಒಸರತೊಡಗಿತು. ಆ ಗುಂಡಿಯಲ್ಲಿ ವೈರು, ಸ್ವಿಚ್ಚು ಎಲ್ಲ ಇರುತ್ತವೆ, ಅಲ್ಲಿಗೆ ನೀರು ಬಂದರೆ ಲಿಫ್ಟ್ ಎಲ್ಲಿ ಬೇಕಾದರೂ ನಿಂತುಬಿಡಬಹುದು. ಪೈಪ್ ಮೇಸ್ತ್ರಿಯ ಗುತ್ತಿಗೆಯಲ್ಲಿ ಇಲ್ಲ, ಅದು ಬೇರೆಯವರದು. ಇವನು ಅರ್ಜಿ ಬರೆದು ಕೊಟ್ಟ. ಅಲ್ಲಿಯ ಕಿರಿಯ ಎಂಜಿನಿಯರ್, ಸದ್ಯಕ್ಕೆ ಒಂದು ಪಂಪ್ ಇಟ್ಟು ನೀರು ತೆಗೀತಾ ಇರಿ, ಕಾಗದ ಆಮೇಲೆ ಕೊಡ್ತೀನಿ ಅಂದ. ಮೇಸ್ತ್ರಿ ಪಂಪ್ ಕೊಂಡೂ ತಂದ. ತಂದವನು ಇಡುವ ಮೊದಲು ಅತ್ತೆಗೆ ಫೋನ್ ಮಾಡಿದ.

ಅತ್ತೆ ಆಗ ಇನ್ನೊಂದು ಕೇಸಿಗೆ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಳು. ಎಂಜಿನಿಯರ್ ಬಾಯಲ್ಲಿ ಹೇಳಿದ್ದಾರೆ ಎಂಬುದು ಕಿವಿಗೆ ಬಿದ್ದದ್ದೇ ತಡ, ಮುಂದಿನದು ತಾನಾಗಿ ಬಾಯಿಗೆ ಬಂತು. ಬಾಯಿಮಾತಿಗೆ ಇಟ್ಟಿಗೆ ಇಡಬೇಡಿ ಮೇಸ್ತ್ರಿ, ಬರೆಸಿಕೊಳ್ಳಿ. ಅವನು, ಅದಲ್ಲ ಲಾಯರಮ್ಮ, ಮನಸ್ಸು ತಡೀತಿಲ್ಲ ಅಂದ. ಮನಸ್ಸಿನ ಮಾತು ಪುಸ್ತಕದಲ್ಲಿ ಇಲ್ಲ ಎಂದು ಹೇಳಿ ಅವಳು ಫೋನ್ ಇಟ್ಟಳು. ಮೇಸ್ತ್ರಿ ಲಿಫ್ಟ್ ನಿಲ್ಲಿಸಿ ಬೀಗ ಹಾಕಿ ಬಂದ. ರೋಗಿಗಳನ್ನು ಆಪರೇಷನ್ ಮಹಡಿಗೆ ಹೊತ್ತುಕೊಂಡು ಹೋಗಲಾಗುತ್ತದೆಯೇ ಎಂದು ಆಸ್ಪತ್ರೆಯವರು ಬೀಗ ತೆಗೆಸಿ ಮತ್ತೆ ಓಡಿಸಿದರು. ನೀರು ಏರಿತು. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ಒಳಗಿದ್ದ ವಾರ್ಡಿನ ಆಯಾ ಬಾಗಿಲು ಸರಿಸಿ ಕೆಳಗೆ ಧುಮುಕಲು ಹೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಆಮೇಲೆ ನೋಟಿಸ್ ಬಂತು. ಮೇಸ್ತ್ರಿಯನ್ನು ಕಪ್ಪುಪಟ್ಟಿಗೆ ಯಾಕೆ ಸೇರಿಸಬಾರದು, ಬಂದು ಹೇಳಿ ಎಂದು. ಕಪ್ಪುಪಟ್ಟಿ ಎಂದರೆ ಸುಮ್ಮನೆ ಅಲ್ಲ. ಒಂದು ಕಚೇರಿ ಬಾಗಿಲು ಮುಚ್ಚಿದರೆ ಊರಿನ ಕಚೇರಿಗಳೆಲ್ಲ ಮುಚ್ಚಿದ ಹಾಗೆ. ಆಸ್ಪತ್ರೆ ಹೋಯಿತು, ಕೋರ್ಟು ಹೋಯಿತು, ನೀರಿನ ಕಚೇರಿ ಹೋಯಿತು, ತಮ್ಮಂದಿರು, ಭಾವಮೈದುನರು ಎಲ್ಲ ಬೀದಿಗೆ. ಅದನ್ನು ತಪ್ಪಿಸುವುದೇ ಅತ್ತೆಯ ಕಸುಬು. ಇಷ್ಟು ವರ್ಷದಲ್ಲಿ ತನ್ನ ಕಡೆಯವರೊಬ್ಬರನ್ನೂ ಅವಳು ಆ ಪಟ್ಟಿಗೆ ಬಿಟ್ಟುಕೊಟ್ಟಿಲ್ಲ.

ನಿನ್ನೆ ಬೆಳಿಗ್ಗೆ ಅವಳನ್ನು ನೋಡಬೇಕಿತ್ತು ನೀವು. ಕಾಫಿ ಲೋಟ ತಟ್ಟೆಯ ಮೇಲೆ ಕಟಕಟ ಅನ್ನುತ್ತಿತ್ತು. ಮಾವ ಸುಮ್ಮನೆ ಲೋಟ ಇಸಿದುಕೊಂಡು ತಾವೇ ಕುಡಿದರು. ಅಪ್ಪ ಮೇಲಿನಿಂದ ಇಣುಕಿ, ಪೈಪ್ ಅವನದಲ್ಲ, ಅರ್ಜಿ ಕೊಟ್ಟಿದ್ದಾನೆ, ಗೆಲ್ಲುವ ಕೇಸಿಗೆ ಯಾಕಿಷ್ಟು ನಡುಕ ಎಂದು ಕೇಳಿದ. ಗೆಲ್ಲುತ್ತೀನಿ ಅಂತಲೇ ನಡುಕ ಎಂದಳು ಅತ್ತೆ. ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗ ಆಗಲಿಲ್ಲ. ಕೈ ಹೀಗೆ ನಡುಗುವಾಗ ಸ್ಟಿಯರಿಂಗ್ ಹಿಡಿಯಬಾರದು ಎಂದು ತನಗೆ ತಾನೇ ಷರತ್ತು ಹಾಕಿಕೊಂಡು ಕೀ ನನಗೆ ಕೊಟ್ಟಳು.

ದಾರಿಯಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಶಾಲೆಗಳಿಗೆ ಸುಣ್ಣ ಬಣ್ಣ ಬಳಿಯುವ ಪೇಂಟರ್. ಅತ್ತೆ ಎತ್ತಲಿಲ್ಲ. ಫೋನ್ ಎತ್ತದಿರುವುದನ್ನು ನಾನು ಕಂಡದ್ದು ಅದೇ ಮೊದಲು. ಮತ್ತೆ ಹೊಡೆದುಕೊಂಡಾಗ ನಾನೇ ಸ್ಪೀಕರಿಗೆ ಹಾಕಿದೆ. ಎಂಜಿನಿಯರ್ ಸಾಹೇಬರು ಜಗಲಿಗೂ ಬಳಿದುಬಿಡು ಎಂದು ಬಾಯಲ್ಲಿ ಹೇಳಿದ್ದಾರೆ, ಬಳಿಯಲಾ ಬೇಡವಾ ಎಂದು ಅವನು ಕೇಳುತ್ತಿದ್ದ. ಅತ್ತೆಯ ಬಾಯಿ ತೆರೆಯಿತು, ಮಂತ್ರ ಬರಲಿಲ್ಲ. ಸಂಜೆ ಹೇಳ್ತೀನಿ ಎಂದಳು. ಅವನಿಗೆ ಗಾಬರಿಯಾಗಿರಬೇಕು, ಆರೋಗ್ಯ ಹೇಗಿದೆ ಮೇಡಂ ಎಂದು ಕೇಳಿದ.

ಕಟ್ಟಡದ ಕೆಳಗೆ ಮೇಸ್ತ್ರಿ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಗ್ರೀಸ್ ಹಾಗೇ. ವಿಚಾರಣೆ ನಾಲ್ಕನೇ ಮಹಡಿಯಲ್ಲಿ. ಅತ್ತೆಗಾಗಿ ಅವನೂ ಮೆಟ್ಟಿಲು ಹತ್ತಿದ. ನಡುವೆ ಒಂದು ಕಡೆ ನಿಂತು ಮೆಲ್ಲಗೆ ಅಂದ.

"ಲಾಯರಮ್ಮ, ಪಂಪ್ ಯಾಕೆ ಇಡಲಿಲ್ಲ ಅಂತ ಕೇಳ್ತಾರೆ. ನಿಮ್ಮನ್ನ ಕೇಳಿದ್ದೆ ಅಂತ ನಾನು ಹೇಳಲ್ಲ."

"ಯಾಕೆ ಹೇಳಲ್ಲ?"

"ನಿಮ್ಮ ಮಾತು ಕೇಳಿ ಹೀಗಾಯ್ತು ಅಂತ ಗೊತ್ತಾದ್ರೆ ನಾಳೆ ನಿಮ್ಮ ಹತ್ರ ಯಾರು ಬರ್ತಾರೆ? ನಮ್ಮಂಥೋರಿಗೆ ಇರೋದೇ ನೀವೊಬ್ರು."

ಅತ್ತೆ ಕಂಬಿ ಹಿಡಿದುಕೊಂಡಳು. ಉಳಿದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು.

ವಿಚಾರಣೆಯ ಕೋಣೆಯೇನು ಕೋರ್ಟಿನ ಹಾಗಲ್ಲ. ಉದ್ದ ಮೇಜು, ಮೇಲೆ ಗಾಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ಒಂದು ರೆಕ್ಕೆ ಸೊಟ್ಟಗಿರುವ ಫ್ಯಾನು. ಆ ತುದಿಯಲ್ಲಿ ಮುಖ್ಯ ಎಂಜಿನಿಯರ್, ತೀರ್ಪು ಅವರದೇ. ಪಕ್ಕದಲ್ಲಿ ಪಂಪ್ ಇಡು ಎಂದಿದ್ದ ಅದೇ ಕಿರಿಯ ಎಂಜಿನಿಯರ್, ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ. ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ, ಯಾರೂ ಬೇಡ ಅನ್ನಲಿಲ್ಲ.

ಮಾತಿಗೆ ನಿಂತರೆ ಅತ್ತೆಯ ನಡುಕ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಪೈಪ್ ಯಾರದು, ಅರ್ಜಿ ಯಾವಾಗ ಕೊಟ್ಟದ್ದು, ನಿಲ್ಲಿಸಿದ ಲಿಫ್ಟನ್ನು ಓಡಿಸಿದವರು ಯಾರು, ಎಲ್ಲವನ್ನೂ ಬಾಳೆಹಣ್ಣು ಸುಲಿದ ಹಾಗೆ ಬಿಡಿಸಿಟ್ಟಳು. ಮುಖ್ಯ ಎಂಜಿನಿಯರ್ ತಲೆಯಾಡಿಸುತ್ತಾ ಕೇಳಿದರು. ಮೇಸ್ತ್ರಿಯ ಭುಜ ಸ್ವಲ್ಪ ಸಡಿಲವಾಯಿತು. ಇನ್ನೇನು ಮುಗಿಯಿತು ಎಂದುಕೊಂಡೆ. ಆಗ ಅವರು ಫೈಲ್ ಪಕ್ಕಕ್ಕೆ ಸರಿಸಿ ಮೇಸ್ತ್ರಿಯನ್ನೇ ನೋಡಿದರು.

"ಪಂಪ್ ಇತ್ತಾ ನಿಮ್ಮ ಹತ್ರ?"

"ಇತ್ತು ಸಾರ್."

"ನೀರು ಬಂದ್ರೆ ಏನಾಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಮತ್ತೆ ಯಾಕೆ ಇಡಲಿಲ್ಲ?"

ಮೇಸ್ತ್ರಿ ಗಾಜಿನ ಕೆಳಗಿದ್ದ ಹಳೇ ಕ್ಯಾಲೆಂಡರ್ ನೋಡುತ್ತಾ ಕೂತ. ಮುಖ್ಯ ಎಂಜಿನಿಯರ್ ಎರಡನೇ ಸಲ ಕೇಳಿದರು. ಅವನು ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪೈಪ್ ನಿಮ್ಮದಲ್ಲ, ಒಪ್ಪಿದೆ, ಆದರೆ ಅಪಾಯ ಗೊತ್ತಿದ್ದೂ ಪಂಪನ್ನು ಅಂಗಡಿಯಲ್ಲಿಟ್ಟುಕೊಂಡು ಕೂತವನ ಕೈಗೆ ಆಸ್ಪತ್ರೆ ಲಿಫ್ಟ್ ಹೇಗೆ ಕೊಡಲಿ, ಕಪ್ಪುಪಟ್ಟಿ ಇರುವುದೇ ಇಂಥವರಿಗೆ ಅಂದರು. ದನಿ ಏರಿಸಲಿಲ್ಲ, ಅದೇ ಹೆದರಿಕೆಯಾಯಿತು. ಕಿರಿಯ ಎಂಜಿನಿಯರನ ಪೆನ್ನಿನ ಮುಚ್ಚಳದ ಸದ್ದು ನಿಂತುಹೋಯಿತು.

ಅತ್ತೆ ಎದ್ದು ನಿಂತಳು. ನಿಂತವಳು ಅವರ ಕಡೆ ತಿರುಗಲಿಲ್ಲ, ಮೇಸ್ತ್ರಿಯ ಕಡೆ ತಿರುಗಿದಳು. ಇದು ನಿಮಗೆ ಗೊತ್ತಿರಲಿಕ್ಕಿಲ್ಲ, ನನಗೂ ಸಂಜೆ ಕಾರಿನಲ್ಲಿ ಮನೆಗೆ ಬರುವಾಗ ಅವಳು ಹೇಳಿದ ಮೇಲೇ ಗೊತ್ತಾದದ್ದು. ವಕೀಲರ ಹತ್ತಿರ ಕಕ್ಷಿದಾರ ಆಡಿದ ಮಾತು, ವಕೀಲರು ಅವನಿಗೆ ಹೇಳಿದ ಮಾತು, ಎರಡೂ ಕಕ್ಷಿದಾರನ ಸೊತ್ತು. ಅವನು ಒಪ್ಪದೆ ವಕೀಲರು ಅದನ್ನು ಹೊರಗೆ ಆಡುವಂತಿಲ್ಲ. ತಪ್ಪು ತನ್ನದೇ ಆದರೂ ಸರಿ. ಆಡಿದ ಮೇಲೆ ಅವರು ಸಾಕ್ಷಿ, ವಕೀಲರಲ್ಲ. ಕೇಸು ಬಿಡಬೇಕು.

"ಮೇಸ್ತ್ರಿ, ಹೇಳ್ಲಾ?"

ಅವನು ತಲೆ ಅಡ್ಡ ಆಡಿಸಿದ.

"ನೀವು ಬೇಡ ಅಂದ್ರೆ ನಾನು ಹೇಳೋ ಹಾಗಿಲ್ಲ. ನೋಡಿದ್ರಲ್ಲ ಈಗ ಏನಾಗ್ತಿದೆ ಅಂತ. ಒಪ್ಕೊಳ್ಳಿ."

"ನಿಮ್ಮಿಷ್ಟ ಲಾಯರಮ್ಮ."

"ನನ್ನಿಷ್ಟ ಅಲ್ಲ. ನಿಮ್ಮ ಒಪ್ಪಿಗೆ ಬೇಕು. ಬಾಯ್ಬಿಟ್ಟು ಹೇಳಿ."

ಮೇಸ್ತ್ರಿ ತಲೆ ಎತ್ತಿ ಅವಳನ್ನು ನೋಡಿದ. "ಹೇಳಿ" ಅಂದ.

ಅತ್ತೆ ಆ ಒಪ್ಪಿಗೆಯನ್ನು ಬರೆಸಿಕೊಳ್ಳಲಿಲ್ಲ. ಅವಳ ಕೈಚೀಲದಲ್ಲಿ ಬಿಳಿ ಹಾಳೆಯ ಕಟ್ಟೇ ಇತ್ತು, ಎರಡು ಪೆನ್ನೂ ಇದ್ದವು. ಮುಖ್ಯ ಎಂಜಿನಿಯರ್ ಕಡೆ ತಿರುಗಿ, ಈಗಿನಿಂದ ನಾನು ಇವರ ವಕೀಲಳಲ್ಲ, ಸಾಕ್ಷಿ ಎಂದು ಬರೆದುಕೊಳ್ಳಿ ಎಂದಳು. ಆಮೇಲೆ ಹೇಳಿದಳು. ಇವರು ಪಂಪ್ ಕೊಂಡು ತಂದು, ಇಡಲೇ ಎಂದು ನನ್ನನ್ನು ಕೇಳಿದರು. ಎಂಜಿನಿಯರ್ ಬಾಯಲ್ಲಿ ಹೇಳಿದ್ದಾರೆ ಎಂದರು, ಮನಸ್ಸು ತಡೆಯುತ್ತಿಲ್ಲ ಎಂದೂ ಹೇಳಿದರು. ಇಡಬೇಡಿ ಎಂದವಳು ನಾನು. ಇಡದಿದ್ದರೆ ಏನಾಗುತ್ತದೆ ಎಂದು ಕೇಳಲಿಲ್ಲ. ಮೆಟ್ಟಿಲು ಹತ್ತುತ್ತಿದ್ದೆ, ಅವಸರದಲ್ಲಿದ್ದೆ.

ಗೆದ್ದರೆ ಈ ತಪ್ಪು ಮುಚ್ಚಿಹೋಗುತ್ತದೆ ಎಂದೇ ಅವಳು ಬೆಳಿಗ್ಗೆ ನಡುಗಿದ್ದು ಎಂದು ನನಗೆ ಆಗ ಹೊಳೆಯಿತು. ಇಷ್ಟು ಹೇಳಿ ಕೂತಳು. ಕೂರುವಾಗ ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡಕಿದಳು, ನಾನು ಎದ್ದು ಹಿಂದಿನಿಂದ ಸರಿಸಿದೆ.

ಮುಖ್ಯ ಎಂಜಿನಿಯರ್ ಪಕ್ಕಕ್ಕೆ ನೋಡಿದರು. "ಬಾಯಲ್ಲಿ ಹೇಳಿದ್ರಾ ನೀವು?" ಕಿರಿಯ ಎಂಜಿನಿಯರ್ ಪೆನ್ನನ್ನು ಮೇಜಿನ ಮೇಲಿಟ್ಟ. ನಮ್ಮ ಮೇಸ್ತ್ರಿಯ ಬಾಳು ಆ ಹುಡುಗನ ನಾಲಿಗೆಯ ತುದಿಯಲ್ಲಿ ತೂಗುತ್ತಿತ್ತು. ಇಲ್ಲ ಅಂದರೆ ಮುಗಿಯಿತು, ಅತ್ತೆ ಕೇಳಿದ್ದು ಮೇಸ್ತ್ರಿಯ ಬಾಯಿಂದ ತಾನೆ. "ಹೇಳಿದ್ದೆ ಸಾರ್," ಅಂದ ಕೊನೆಗೆ. "ಆದೇಶ ಮಾಡಿಸೋಕೆ ಹೋದೆ, ಮೇಲಿನವರು ರಜೆಯಲ್ಲಿದ್ರು."

ಫ್ಯಾನು ಕಿರುಗುಟ್ಟುತ್ತಿತ್ತು. ಮುಖ್ಯ ಎಂಜಿನಿಯರ್ ಕನ್ನಡಕ ಹಾಕಿಕೊಂಡು ಫೈಲ್ ಮತ್ತೆ ಮುಂದಕ್ಕೆ ಎಳೆದುಕೊಂಡರು. ಕಪ್ಪುಪಟ್ಟಿಗೆ ಸೇರಿಸುವುದಿಲ್ಲ, ಎಚ್ಚರಿಕೆ ಕೊಟ್ಟು ಬಿಡುತ್ತೇನೆ ಅಂದರು. ಆದೇಶ ಬರಹದಲ್ಲಿ ಬರಲು ವಾರವಾದರೂ ಆಗುತ್ತದೆ, ಅಲ್ಲಿಯವರೆಗೆ ಕಾಯಬೇಡಿ, ಇವತ್ತೇ ಹೋಗಿ ಆ ಪಂಪ್ ಇಡಿ, ಪೈಪಿನವರನ್ನು ನಾನು ಕಳಿಸುತ್ತೇನೆ ಅಂದರು.

ಎರಡೂ ಬಾಯಿಮಾತು. ಕಪ್ಪುಪಟ್ಟಿ ಇಲ್ಲ ಎಂಬುದೂ ಬಾಯಿಮಾತು, ಪಂಪ್ ಇಡು ಎಂಬುದೂ ಬಾಯಿಮಾತು. ನಾಳೆ ಅವರಿಗೆ ವರ್ಗವಾದರೆ, ಮನಸ್ಸು ಬದಲಾದರೆ, ಪಂಪ್ ಇಟ್ಟ ಮೇಲೆ ಅಲ್ಲಿ ಇನ್ನೇನೋ ಸುಟ್ಟುಹೋದರೆ. ಅಭ್ಯಾಸ ನೋಡಿ, ಮೇಸ್ತ್ರಿ ಸೀದಾ ಅತ್ತೆಯ ಮುಖ ನೋಡಿದ. ಮುಖ್ಯ ಎಂಜಿನಿಯರೂ ನೋಡಿದರು. ಅವಳ ಮಂತ್ರ ಅವರಿಗೂ ಗೊತ್ತಿರಬೇಕು, ತುಟಿಯ ಮೂಲೆಯಲ್ಲಿ ಏನೋ ಇತ್ತು.

"ನಾನೀಗ ನಿಮ್ಮ ವಕೀಲಳಲ್ಲ ಮೇಸ್ತ್ರಿ, ಸಲಹೆ ಕೊಡೋ ಹಾಗಿಲ್ಲ" ಅಂದಳು ಅತ್ತೆ. ಕೈಚೀಲದ ಜಿಪ್ ಎಳೆದಳು, ಮತ್ತೆ ತೆಗೆದಳು, ಮತ್ತೆ ಎಳೆದಳು. "ಆ ಪಂಪು, ನಮ್ಮ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತಾ?"

ಮೇಸ್ತ್ರಿಯ ಅಂಗಡಿಗೆ ಹೋಗಿ ಇಟ್ಟು ನೋಡಿದೆವು, ಹಿಡಿಯಿತು, ಆದರೆ ಡಿಕ್ಕಿ ಮುಚ್ಚಲಿಲ್ಲ. ಹಗ್ಗ ಕಟ್ಟಿದೆವು. ಪೈಪಿನ ಸುರುಳಿಯನ್ನು ಅತ್ತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ ಅತ್ತೆ ಹಗ್ಗ ಬಿಚ್ಚಿತಾ ನೋಡು, ಬಿಚ್ಚಿತಾ ನೋಡು ಎಂದು ಹಿಂದೆ ತಿರುಗುತ್ತಲೇ ಇದ್ದಳು. ಆಸ್ಪತ್ರೆಯ ತಳಮಹಡಿಯಲ್ಲಿ ಮೇಸ್ತ್ರಿ ಇಸ್ತ್ರಿ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು ಬನಿಯನ್ನಿನಲ್ಲೇ ಗುಂಡಿಗಿಳಿದ. ಅತ್ತೆ ಟಾರ್ಚ್ ಹಿಡಿದಳು. ಬೆಳಕು ಗೋಡೆಯ ಮೇಲೆಲ್ಲ ಕುಣಿಯುತ್ತಿತ್ತು. "ನೀರು ನನ್ನ ಕಾಲ ಹತ್ರ ಇದೆ ಲಾಯರಮ್ಮ, ಮೇಲಿಲ್ಲ" ಅಂದ ಅವನು ಒಳಗಿನಿಂದ. ಪಂಪ್ ಗುರ್ರ್ ಎಂದು ನೀರು ಚರಂಡಿಗೆ ಬೀಳತೊಡಗಿದಾಗ ಅವಳ ಚಪ್ಪಲಿ ಪೂರ್ತಿ ಒದ್ದೆ. ನೀರು ಇಳಿದು, ವೈರು ಒರೆಸಿ, ಸ್ವಿಚ್ಚು ಬದಲಾಯಿಸಿ, ಖಾಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ ನೋಡುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು.

ಆಯಾ ಮೂರನೇ ಮಹಡಿಯ ವಾರ್ಡಿನಲ್ಲಿ ಮಲಗಿದ್ದಳು. ಅತ್ತೆ ಲಿಫ್ಟಿನ ಮುಂದೆ ನಿಂತಳು. ಮೆಟ್ಟಿಲು ಪಕ್ಕದಲ್ಲೇ ಇತ್ತು. ಮೇಸ್ತ್ರಿ ಬಾಗಿಲು ಹಿಡಿದುಕೊಂಡು ಕಾದ, ಬನ್ನಿ ಅನ್ನಲಿಲ್ಲ. ಅವಳು ಒಳಗೆ ಬಂದಳು. ನನ್ನ ತೋಳಿನ ಮೇಲೆ ಅವಳ ಉಗುರಿನ ಗುರುತು ಇನ್ನೂ ಇದೆ, ಬೇಕಾದರೆ ಬಂದು ನೋಡಿ.

ಆಯಾ ಗಟ್ಟಿ ಹೆಂಗಸು, ಮಲಗಿದಲ್ಲಿಂದಲೇ ಅಕ್ಕಪಕ್ಕದ ಹಾಸಿಗೆಯವರಿಗೆ ಜೋರು ಮಾಡುತ್ತಿದ್ದಳು. ನೀವ್ಯಾರು ಎಂದು ಕೇಳಿದಳು.

"ಪಂಪ್ ಇಡಬೇಡಿ ಅಂತ ಇವರಿಗೆ ಹೇಳಿದವಳು" ಅಂದಳು ಅತ್ತೆ.

ಆಯಾ ಅವಳನ್ನು ತಲೆಯಿಂದ ಒದ್ದೆ ಚಪ್ಪಲಿಯವರೆಗೆ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ. ಅತ್ತೆಯೂ ಹಾಗೇ ಅಂದುಕೊಂಡು ನಿಂತಿದ್ದಳು, ಬಯ್ದರೆ ಸಾಕು ಅನ್ನುವಂತೆ.

"ಹಾಗಾ" ಅಂದಳು ಆಯಾ. "ಆ ದಿಂಬು ಸ್ವಲ್ಪ ಮೇಲಕ್ಕೆ ಎಳೀರಿ. ಅಷ್ಟಲ್ಲ. ಹಾಂ, ಅಲ್ಲಿಗೆ. ನಾಳೇನೂ ಬನ್ನಿ, ಇಲ್ಲಿ ಎಳೆಯೋರು ಯಾರೂ ಇಲ್ಲ."

ನಾಳೆ ಬರುತ್ತೇನೆ ಎಂದು ಅತ್ತೆ 'ಆದರೆ' ಇಲ್ಲದೆ ಒಪ್ಪಿಕೊಂಡಳು.

ಮನೆಗೆ ಬಂದಾಗ ಸಂಜೆ. ಕೇಸು ಬಿಟ್ಟ ಸುದ್ದಿ ನಮಗಿಂತ ಮೊದಲೇ ಬೀದಿ ಮುಟ್ಟಿತ್ತು. ಅಪ್ಪ ಮಹಡಿಯ ಮೇಲಿನಿಂದ ಏನೋ ಕೇಳಲು ಬಾಯಿ ತೆರೆದ, ಮಾವ ಕೈ ಅಡ್ಡ ಮಾಡಿದರು. ನಾಳೆ ಸ್ಟೂಲ್ ಎಳೆದು ಕೂರುವವರು ಯಾರಾದರೂ ಬರುತ್ತಾರೋ ಇಲ್ಲವೋ, ಆ ಎಚ್ಚರಿಕೆಯ ಆದೇಶ ನಿಜವಾಗಿ ಬರುತ್ತದೋ ಇಲ್ಲವೋ, ಅತ್ತೆಗೂ ಗೊತ್ತಿಲ್ಲ. ಚಪ್ಪಲಿಯನ್ನು ಗೋಡೆಗೆ ಒರಗಿಸಿ ಕೂತಳು, ಎರಡು ತುತ್ತು ತಿಂದಳು.

ಆಗ ಪೇಂಟರ್ ಫೋನ್ ಮಾಡಿದ. ಜಗಲಿಗೆ ಬಳಿಯಲಾ ಬೇಡವಾ ಹೇಳಿ ಮೇಡಂ, ಬೆಳಿಗ್ಗೆ ಆಳುಗಳನ್ನು ಕರೆಸಬೇಕು ಅಂದ. ಅತ್ತೆ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಬಳೀದೆ ಇದ್ರೆ ಯಾರಾದ್ರೂ ಬೀಳ್ತಾರಾ?"

"ಜಗಲಿ ಮೇಡಂ. ಯಾರು ಬೀಳ್ತಾರೆ? ಗೋಡೆ ಸ್ವಲ್ಪ ಮಂಕಾಗಿ ಕಾಣುತ್ತೆ, ಅಷ್ಟೆ."

"ಸರಿಯಾಗಿ ಯೋಚನೆ ಮಾಡಿ ಹೇಳಿ."

"ಇಲ್ಲ ಮೇಡಂ, ಯಾರೂ ಬೀಳಲ್ಲ."

"ಹಾಗಾದ್ರೆ ಬಾಯಿಮಾತಿಗೆ ಇಟ್ಟಿಗೆ ಇಡಬೇಡಿ" ಅಂದಳು. ಫೋನ್ ಇಟ್ಟು, ಎದ್ದು, ಬಾಗಿಲಿನ ಬೀಗ ಒಂದೇ ಸಲ ಎಳೆದು ನೋಡಿ, ದೀಪ ಆರಿಸಿದಳು.